ಅಪ್ಪನ ಟ್ರಂಕಿನಲ್ಲಿ ‘ಸೀಕ್ರೆಟ್’ ಸೀಲಿನ ನಕಾಶೆಗಳು ಸಿಕ್ಕಿವೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮ ತಂದೆ ರಕ್ಷಣಾ ಸಾಮಗ್ರಿ ತಯಾರಿಸುವ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. 1994ರಲ್ಲಿ ನಿವೃತ್ತರಾದರು, ಹೋದ ತಿಂಗಳು ತೀರಿಕೊಂಡರು. ಅಟ್ಟ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿ ಹನ್ನೊಂದು ನಕಾಶೆ ಹಾಳೆಗಳು ಮತ್ತು ಒಂದು ಕಡತ ಸಿಕ್ಕಿವೆ. ಕೆಲವು ಹಾಳೆಗಳ ಮೇಲೆ ಕೆಂಪು ಇಂಕಿನಲ್ಲಿ ‘ಸೀಕ್ರೆಟ್’ ಎಂಬ ಸೀಲಿದೆ. ಕಡತದಲ್ಲಿ ಗುತ್ತಿಗೆದಾರನೊಬ್ಬ ಕಳಪೆ ಮಾಲು ಪೂರೈಸಿದ ಬಗ್ಗೆ ಒಳಗಿನ ಪತ್ರಗಳಿವೆ. ಅಮ್ಮ ಸುಟ್ಟುಬಿಡು ಅನ್ನುತ್ತಾರೆ. ತಮ್ಮ ಆಗಲೇ ಒಂದು ಹಾಳೆಯ ಫೋಟೊ ತೆಗೆದು ನಮ್ಮ ಮನೆಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾನೆ. ವಾರಪತ್ರಿಕೆ ನಡೆಸುವ ಸ್ನೇಹಿತರೊಬ್ಬರು, ‘ಈಗ ಆರ್‌ಟಿಐ ಬಂದಿದೆ, ರಹಸ್ಯ ಅನ್ನೋದೆಲ್ಲ ಹಳೇ ಮಾತು, ಕಡತ ಕೊಡಿ, ಅಚ್ಚು ಹಾಕ್ತೀನಿ’ ಎನ್ನುತ್ತಿದ್ದಾರೆ. ನಮಗೆ ತೊಂದರೆ ಆಗುತ್ತದೆಯೇ?

ಉತ್ತರ: ಮೊದಲು ಮಾಡಬಾರದ್ದನ್ನು ಹೇಳಿಬಿಡುತ್ತೇನೆ. ಸುಡಬೇಡಿ. ಗುಜರಿಗೆ ಹಾಕಬೇಡಿ. ಇನ್ನೊಂದು ಫೋಟೊ ತೆಗೆಯಬೇಡಿ. ಸ್ನೇಹಿತರ ಕೈಗೆ ಕಡತ ಕೊಡಬೇಡಿ, ‘ಸುಮ್ಮನೆ ನೋಡಿ ಕೊಡ್ತೀನಿ’ ಅಂದರೂ ಕೊಡಬೇಡಿ. ಕಾಗದಗಳನ್ನು ಅವು ಹೊರಟ ಜಾಗಕ್ಕೇ ಮರಳಿಸಿ ಸ್ವೀಕೃತಿ ಪಡೆಯುವುದೊಂದೇ ದಾರಿ. ಅದನ್ನು ಹೇಗೆ ಮಾಡಬೇಕೆಂದು ಕೊನೆಗೆ ಹೇಳುತ್ತೇನೆ. ನಡುವೆ ಕಾನೂನು ಸ್ವಲ್ಪ ತಿಳಿದುಕೊಳ್ಳಿ, ಏಕೆಂದರೆ ನಿಮ್ಮ ಮನೆಯಲ್ಲಿ ಮೂವರು ಮೂರು ಥರ ಯೋಚಿಸುತ್ತಿದ್ದೀರಿ, ಮೂರೂ ಅರ್ಧರ್ಧ ಸರಿ.

ಇಲ್ಲಿ ಅನ್ವಯವಾಗುವುದು 1923ರ ಅಧಿಕೃತ ರಹಸ್ಯಗಳ ಕಾಯ್ದೆ, ಅಂದರೆ ಅಫಿಷಿಯಲ್ ಸೀಕ್ರೆಟ್ಸ್ ಆಕ್ಟ್. ನೂರು ವರ್ಷ ದಾಟಿದ ಕಾಯ್ದೆ. 2024ರ ಜುಲೈ 1ರಂದು ದಂಡ ಸಂಹಿತೆ, ಸಾಕ್ಷ್ಯ ಕಾಯ್ದೆ ಎಲ್ಲ ಹೊಸ ಹೆಸರು ಹೊತ್ತು ಬಂದವು, ಇದನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಇದರಲ್ಲಿ ಒಂದು ಸೋಜಿಗವಿದೆ: ಹೆಸರಿನಲ್ಲೇ ‘ರಹಸ್ಯ’ ಇರುವ ಈ ಕಾಯ್ದೆಯಲ್ಲಿ ರಹಸ್ಯ ಎಂದರೇನು ಎಂಬ ವ್ಯಾಖ್ಯೆಯೇ ಇಲ್ಲ. ‘ನಿಷೇಧಿತ ಸ್ಥಳ’ಕ್ಕೆ ಉದ್ದನೆಯ ವ್ಯಾಖ್ಯೆಯಿದೆ, ‘ನಕ್ಷೆ’ಗೆ ಇದೆ, ‘ಮಾದರಿ’ಗೆ ಇದೆ, ರಹಸ್ಯಕ್ಕಿಲ್ಲ.

ಹಾಗಾದರೆ ಆ ಕೆಂಪು ಸೀಲು ಎಲ್ಲಿಂದ ಬಂತು? ಅದು ಕಾಯ್ದೆಯ ಕೂಸಲ್ಲ, ಕಚೇರಿಯ ಕೂಸು. ಕೇಂದ್ರ ಗೃಹ ಸಚಿವಾಲಯದ ಇಲಾಖಾ ಭದ್ರತಾ ಸೂಚನೆಗಳ ಕೈಪಿಡಿಯಲ್ಲಿ ಟಾಪ್ ಸೀಕ್ರೆಟ್, ಸೀಕ್ರೆಟ್, ಕಾನ್ಫಿಡೆನ್ಷಿಯಲ್, ರಿಸ್ಟ್ರಿಕ್ಟೆಡ್ ಎಂಬ ನಾಲ್ಕು ಮೆಟ್ಟಿಲುಗಳಿವೆ. ಯಾವ ಕಾಗದಕ್ಕೆ ಯಾವ ಸೀಲು ಎಂದು ತೀರ್ಮಾನಿಸುವವರು ಅಧಿಕಾರಿಗಳು. ಹಾಕುವಾಗ ಕೈ ಧಾರಾಳ, ತೆಗೆಯುವಾಗ ಕೈ ಬಿಗಿ. ಇಲಾಖಾ ವಿಚಾರಣೆಯೊಂದರಲ್ಲಿ ನನ್ನ ಕಕ್ಷಿದಾರರ ಮೇಲೆ ‘ರಹಸ್ಯ ದಾಖಲೆ ಮನೆಗೊಯ್ದರು’ ಎಂಬ ಆರೋಪವಿತ್ತು. ದಾಖಲೆ ತರಿಸಿ ನೋಡಿದರೆ ಅದು ಕ್ಯಾಂಟೀನಿನ ಊಟದ ಕೂಪನ್ ಹಂಚುವ ಸುತ್ತೋಲೆ. ಮೇಲೆ ಠೀವಿಯಿಂದ ‘ಸೀಕ್ರೆಟ್’ ಎಂದಿತ್ತು. ವಿಚಾರಣಾಧಿಕಾರಿಯೇ ನಕ್ಕುಬಿಟ್ಟರು.

ಇದನ್ನು ಕೇಳಿ ನೀವೂ ನಕ್ಕು ಹಗುರಾಗಬೇಡಿ. ಸೀಲಿದ್ದ ಮಾತ್ರಕ್ಕೆ ಅಪರಾಧವಾಗುವುದಿಲ್ಲ ಎಂಬುದು ಎಷ್ಟು ನಿಜವೋ, ಸೀಲು ಇಲ್ಲದ್ದರಿಂದ ಪಾರು ಎಂಬುದು ಅಷ್ಟೇ ಸುಳ್ಳು. ಸಮಾ ಅಲಾನಾ ಅಬ್ದುಲ್ಲಾ ಮತ್ತು ಗುಜರಾತ್ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗಂಟನ್ನು ಬಿಡಿಸಿತು. 3ನೇ ಸೆಕ್ಷನ್ನಿನಲ್ಲಿ ‘ರಹಸ್ಯ’ ಎಂಬ ವಿಶೇಷಣ ಸಂಕೇತ ಭಾಷೆ ಮತ್ತು ಗುಪ್ತಪದಗಳಿಗೆ ಮಾತ್ರ ಅಂಟಿದೆ. ನಕಾಶೆ, ಟಿಪ್ಪಣಿ, ದಾಖಲೆ, ಮಾಹಿತಿ ಇವು ಸ್ವತಃ ರಹಸ್ಯವೇ ಆಗಿರಬೇಕಿಲ್ಲ, ಶತ್ರುವಿಗೆ ಉಪಯೋಗವಾಗುವಂಥದ್ದಾಗಿದ್ದು ದೇಶಕ್ಕೆ ಕೇಡು ಬಗೆಯುವ ಉದ್ದೇಶ ಜೊತೆಗಿದ್ದರೆ ಸಾಕು. ನಿಮ್ಮ ಹನ್ನೊಂದು ಹಾಳೆಗಳಲ್ಲಿ ಸೀಲಿರುವುದು ಕೆಲವಕ್ಕೆ ಮಾತ್ರ ಎಂದಿದ್ದೀರಿ. ಸೀಲಿಲ್ಲದವನ್ನು ಬೇರೆ ಗುಡ್ಡೆ ಹಾಕುವ ಕೆಲಸಕ್ಕೆ ಹೋಗಬೇಡಿ, ಎಲ್ಲವೂ ಒಂದೇ ಗಂಟು.

ಈಗ 3 ಮತ್ತು 5, ಈ ಎರಡು ಸೆಕ್ಷನ್‌ಗಳ ವ್ಯತ್ಯಾಸ ಗೊತ್ತಿರಲಿ. ಟಿವಿಯಲ್ಲಿ ಎರಡನ್ನೂ ಕಲಸಿ ಹೇಳುತ್ತಾರೆ. 3ನೆಯದು ಬೇಹುಗಾರಿಕೆ. ರಕ್ಷಣಾ ನೆಲೆ, ಸೇನೆ, ಶಸ್ತ್ರಾಗಾರ ಇತ್ಯಾದಿಗೆ ಸಂಬಂಧಿಸಿದ್ದರೆ 14 ವರ್ಷಗಳವರೆಗೆ ಜೈಲು, ಉಳಿದ ವಿಷಯಕ್ಕೆ 3 ವರ್ಷ. ಇದಕ್ಕೆ ದೇಶದ ಸುರಕ್ಷತೆಗೋ ಹಿತಕ್ಕೋ ಮಾರಕವಾದ ಉದ್ದೇಶ ಬೇಕೇಬೇಕು. ಕಾರವಾರದ ನೌಕಾನೆಲೆಯ ಮಾಹಿತಿ ಹೊರಗೆ ಹೋಯಿತೆಂಬ ಆರೋಪದಲ್ಲಿ 2025ರ ಫೆಬ್ರವರಿಯಲ್ಲಿ ಎನ್‌ಐಎ ಬಂಧನಗಳನ್ನು ಮಾಡಿತಲ್ಲ, ಅಂಥ ಆರೋಪಗಳು ಬರುವುದು ಈ 3ನೇ ಸೆಕ್ಷನ್ನಿನಡಿ. ನಿಮ್ಮ ಟ್ರಂಕಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಇದರೊಳಗೆ ಅಡಗಿರುವ ಒಂದು ಮುಳ್ಳನ್ನು ಹೇಳದೆ ಮುಂದೆ ಹೋಗಲಾರೆ. ಆರೋಪಿ ಇಂಥದ್ದೇ ಕೆಲಸ ಮಾಡಿದ ಎಂದು ತೋರಿಸದಿದ್ದರೂ, ಸಂದರ್ಭ, ನಡತೆ, ರುಜುವಾತಾದ ಅವನ ಸ್ವಭಾವ ಇವುಗಳಿಂದ ದುರುದ್ದೇಶ ಕಂಡುಬಂದರೆ ಶಿಕ್ಷಿಸಬಹುದು ಎನ್ನುತ್ತದೆ 3ನೇ ಸೆಕ್ಷನ್ನಿನ ಎರಡನೇ ಉಪಕಲಂ. ಕಳ್ಳತನದ ಮೊಕದ್ದಮೆಯಲ್ಲಿ ‘ಇವನ ಸ್ವಭಾವವೇ ಹಾಗೆ ಸ್ವಾಮಿ’ ಎಂದು ಸರ್ಕಾರಿ ವಕೀಲರು ಬಾಯಿ ತೆರೆದರೆ ನ್ಯಾಯಾಧೀಶರು ಕೂರಿಸುತ್ತಾರೆ. ಇಲ್ಲಿ ಅದಕ್ಕೆ ಕಾನೂನೇ ಬಾಗಿಲು ತೆರೆದಿದೆ.

ನಿಮಗೆ ತಾಗುವುದು 5ನೇ ಸೆಕ್ಷನ್. ಇದರ ಬಲೆ ಬಲು ಅಗಲ. ಶಿಕ್ಷೆ 3 ವರ್ಷಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ನಿಷೇಧಿತ ಸ್ಥಳಕ್ಕೆ ಸಂಬಂಧಿಸಿದ ಯಾವುದೇ ನಕಾಶೆ, ದಾಖಲೆ, ಟಿಪ್ಪಣಿ, ಮಾಹಿತಿ ಇದರೊಳಗೆ ಬೀಳುತ್ತದೆ. ಯುದ್ಧ ಸಾಮಗ್ರಿ ತಯಾರಿಸುವ ಸರ್ಕಾರಿ ಕಾರ್ಖಾನೆ ನಿಷೇಧಿತ ಸ್ಥಳವೇ. ಆ ಸಾಮಗ್ರಿಯ ನಕಾಶೆಗಳನ್ನು ಇಡುವ ಜಾಗವೂ ನಿಷೇಧಿತ ಸ್ಥಳ. ನಿಮ್ಮ ತಂದೆ ಮೂವತ್ತು ವರ್ಷ ಬಗ್ಗಿ ಕೂತ ಡ್ರಾಯಿಂಗ್ ಆಫೀಸೂ ಅದರಲ್ಲಿ ಸೇರಿತು. ಇಂಥ ಕಾಗದವನ್ನು ಸಂಬಂಧವಿಲ್ಲದವರಿಗೆ ಕೊಡುವುದು ಒಂದು ಅಪರಾಧ. ಇಟ್ಟುಕೊಳ್ಳುವ ಹಕ್ಕಿಲ್ಲದೆ ಇಟ್ಟುಕೊಳ್ಳುವುದು ಇನ್ನೊಂದು. ಸರಿಯಾಗಿ ಜೋಪಾನ ಮಾಡದಿರುವುದು ಮತ್ತೊಂದು. ಈ ಮೂರನೆಯದು ಎಷ್ಟೋ ಜನರಿಗೆ ಗೊತ್ತಿಲ್ಲ. ಬೇಕಂತ ಸೋರಿಸಬೇಕಿಲ್ಲ, ಅಜಾಗರೂಕತೆಯೂ ಸಾಕು. ಅಟ್ಟದ ಮೇಲಿನ ಬೀಗವಿಲ್ಲದ ಟ್ರಂಕನ್ನು ಜೋಪಾನ ಎಂದು ಯಾವ ತನಿಖಾಧಿಕಾರಿಯೂ ಒಪ್ಪುವುದಿಲ್ಲ.

ತಪ್ಪಿತಸ್ಥರು ಯಾರು ಹಾಗಾದರೆ? ನಿಮ್ಮ ತಂದೆ ಕಾಗದ ಮನೆಗೆ ತಂದಿದ್ದರೆ ಆ ಹೊಣೆ ಅವರೊಂದಿಗೇ ಹೋಯಿತು, ಸತ್ತವರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯುವುದಿಲ್ಲ. ಅವರೇನು ಕದ್ದಿರಲಿಕ್ಕಿಲ್ಲ ಕೂಡ. ಆ ಕಾಲದ ಡ್ರಾಫ್ಟ್ಸ್‌ಮನ್‌ಗಳು ಅಮೋನಿಯಾ ಪ್ರಿಂಟ್ (ನಕಾಶೆಯ ನಕಲು) ತೆಗೆದಾಗ ಮಸುಕಾಗಿ ಬಂದ ಪ್ರತಿಗಳನ್ನು ಸುತ್ತಿ ಮನೆಗೆ ಒಯ್ದು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ನೀವು ಚಿಕ್ಕಂದಿನಲ್ಲಿ ಗಣಿತದ ನೋಟ್‌ಬುಕ್ಕಿಗೆ ಹಾಕಿದ್ದ ನೀಲಿ ಗೆರೆಯ ದಪ್ಪ ಕಾಗದ ಎಲ್ಲಿಂದ ಬಂದಿತ್ತೋ ಈಗ ನೆನಪಿಸಿಕೊಳ್ಳಿ! ಇಂದಿನ ಪ್ರಶ್ನೆ ಅವರದ್ದಲ್ಲ, ನಿಮ್ಮದು. ಕಾಗದ ನಿಮ್ಮ ಕೈಗೆ ಬಂತು, ಅದೇನೆಂದು ನಿಮಗೆ ತಿಳಿಯಿತು. ಗೊತ್ತಾದ ಆ ದಿನದಿಂದ ನಿಮ್ಮ ಲೆಕ್ಕ ಶುರು. ವಾರದೊಳಗೆ ಮರಳಿಸಿದವರ ಮೇಲೆ ಯಾರೂ ಬೆರಳು ತೋರಿಸಲಾರರು. ‘ನೋಡೋಣ’ ಎಂದು ವರ್ಷಗಟ್ಟಲೆ ಇಟ್ಟುಕೊಂಡವರು ವಿವರಣೆ ಕೊಡಬೇಕಾಗುತ್ತದೆ.

ನಿಮ್ಮ ಅಮ್ಮನ ಭಯ ನನಗೆ ಅರ್ಥವಾಗುತ್ತದೆ. ಆದರೆ ಸುಟ್ಟರೆ ಕಾಗದ ಹೋಗುತ್ತದೆ, ಫೋಟೊ ಉಳಿಯುತ್ತದೆ. ಮುಂದೆಂದೋ ಆ ಫೋಟೊ ಹಿಡಿದು ಯಾರಾದರೂ ಬಂದರೆ ‘ಮೂಲ ಎಲ್ಲಿ’ ಎಂಬ ಪ್ರಶ್ನೆಗೆ ‘ಸುಟ್ಟೆವು’ ಎಂಬ ಉತ್ತರ ಸಾಕ್ಷ್ಯ ನಾಶದಂತೆ ಕೇಳಿಸುತ್ತದೆ. ಅಲ್ಲದೆ ಅದು ನಿಮ್ಮ ಸೊತ್ತೂ ಅಲ್ಲ.

ಆ ಫೋಟೊದ ವಿಚಾರವೇ ನನಗೆ ಟ್ರಂಕಿಗಿಂತ ಹೆಚ್ಚು ಕಳವಳ ತಂದದ್ದು. ತಮ್ಮ ಹುಡುಗಾಟಕ್ಕೆ ಹಾಕಿದ್ದಾನೆ, ಸರಿ. ‘ನಮ್ಮಪ್ಪ ಎಂಥಾ ಕೆಲಸ ಮಾಡ್ತಿದ್ರು ನೋಡಿ’ ಎಂಬ ಹೆಮ್ಮೆಯಿರಬಹುದು. ಕಾನೂನಿನ ಭಾಷೆಯಲ್ಲಿ ಅದು ‘ಅಧಿಕಾರವಿಲ್ಲದವರಿಗೆ ತಿಳಿಸುವುದು’. ಗುಂಪಿನಲ್ಲಿರುವವರಲ್ಲಿ ಎಷ್ಟು ಮಂದಿ ಅದನ್ನು ಇನ್ನೊಂದು ಗುಂಪಿಗೆ ತಳ್ಳಿದ್ದಾರೋ ಮೊದಲು ಕೇಳಿ. ಯಾರೂ ಮುಂದೆ ಕಳಿಸಬಾರದೆಂದು ಫೋನ್ ಮಾಡಿಯೇ ಹೇಳಿ, ಅದೇ ಗುಂಪಿನಲ್ಲಿ ಚರ್ಚೆ ಎಬ್ಬಿಸಬೇಡಿ. ಗಾಬರಿಯಾಗಿ ಫೋನನ್ನೇ ರೀಸೆಟ್ ಮಾಡಿಸುವುದು, ಸಿಮ್ ಮುರಿಯುವುದು ಇಂಥ ಸಿನಿಮಾ ಕೆಲಸಗಳು ಬೇಡ. ನಿಮ್ಮೂರಿನ ವಕೀಲರೊಬ್ಬರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿ, ಮರಳಿಸುವ ಪತ್ರದಲ್ಲಿ ಆ ಒಂದು ಸಾಲು ಇರಬೇಕೋ ಬೇಡವೋ ಅವರೇ ನೋಡಿ ಹೇಳಲಿ. ನನ್ನನ್ನು ಕೇಳಿದರೆ ಇರಲಿ ಎನ್ನುತ್ತೇನೆ.

ಇನ್ನೊಂದು ಧೈರ್ಯದ ಮಾತು. ಈ ಕಾಯ್ದೆಯಡಿ ಯಾರೋ ಒಬ್ಬರು ದೂರು ಕೊಟ್ಟ ಮಾತ್ರಕ್ಕೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಸಂಬಂಧಪಟ್ಟ ಸರ್ಕಾರದ ಆದೇಶ ಅಥವಾ ಅಧಿಕಾರದ ಮೇರೆಗೆ ದೂರು ಸಲ್ಲಬೇಕು ಎನ್ನುತ್ತದೆ 13ನೇ ಸೆಕ್ಷನ್. ಪಕ್ಕದ ಮನೆಯವರು ಜಾಗದ ಜಗಳದ ಸಿಟ್ಟಿಗೆ ಠಾಣೆಗೆ ಹೋದರೆ ನಿಮ್ಮನ್ನು ಮರುದಿನ ಕೋರ್ಟಿನಲ್ಲಿ ವಿಚಾರಣೆಗೆ ನಿಲ್ಲಿಸಲು ಆಗುವುದಿಲ್ಲ.

ಬಂಧನ ಮಾತ್ರ ಬೇರೆ ಮಾತು. ಶಿಕ್ಷೆಯಾಗುವುದಕ್ಕಿಂತ ಮೊದಲೇ ಬದುಕು ಹಾಳಾದ ಉದಾಹರಣೆಗಳು ಈ ಕಾಯ್ದೆಯ ಇತಿಹಾಸದಲ್ಲಿ ತುಂಬಾ ಇವೆ. ಪತ್ರಕರ್ತ ಇಫ್ತಿಕಾರ್ ಗಿಲಾನಿಯವರನ್ನು 2002ರ ಜೂನ್‌ನಲ್ಲಿ ದೆಹಲಿಯಲ್ಲಿ ಬಂಧಿಸಿದರು. ಅವರ ಕಂಪ್ಯೂಟರಿನಲ್ಲಿ ಕಾಶ್ಮೀರದಲ್ಲಿನ ನಮ್ಮ ಸೇನಾ ನಿಯೋಜನೆಯ ವಿವರ ಇತ್ತೆಂಬುದು ಆರೋಪ. ಆ ವಿವರ ಪಾಕಿಸ್ತಾನದ ಸಂಸ್ಥೆಯೊಂದು ಆಗಲೇ ಪ್ರಕಟಿಸಿದ್ದ, ಇಂಟರ್ನೆಟ್‌ನಲ್ಲಿ ಯಾರಿಗೂ ಸಿಗುತ್ತಿದ್ದ ಲೇಖನದ್ದು. ಶತ್ರುವೇ ಅಚ್ಚು ಹಾಕಿದ್ದನ್ನು ಶತ್ರುವಿಗೆ ಉಪಯುಕ್ತ ಎಂದು ಸೇನಾ ಗುಪ್ತಚರ ವಿಭಾಗ ಮೊದಲು ಅಭಿಪ್ರಾಯ ಕೊಟ್ಟಿತು. ಆಮೇಲೆ ಮತ್ತೆ ಕೇಳಿದಾಗ ಇದರಲ್ಲೇನೂ ಹುರುಳಿಲ್ಲ ಎಂದಿತು. 2003ರ ಜನವರಿಯಲ್ಲಿ ಸರ್ಕಾರ ಮೊಕದ್ದಮೆ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅವರು ತಿಹಾರ್ ಜೈಲಿನಲ್ಲಿ ಏಳು ತಿಂಗಳು ಕಳೆದಿದ್ದರು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರದ್ದು ನಿಮಗೆ ಗೊತ್ತಿರುವುದೇ: 1994ರಲ್ಲಿ ಬಂಧನ, 1996ರಲ್ಲಿ ಸಿಬಿಐ ಆರೋಪ ಸುಳ್ಳೆಂದು ವರದಿ, 50 ಲಕ್ಷ ರೂಪಾಯಿ ಪರಿಹಾರಕ್ಕೆ ಸುಪ್ರೀಂ ಕೋರ್ಟ್ ಆದೇಶಿಸಿದ್ದು 2018ರಲ್ಲಿ. ನಿಜವಾದ ಸೋರಿಕೆಗಳು ಇಲ್ಲವೆಂದಲ್ಲ. 1985ರ ಜನವರಿಯಲ್ಲಿ ಪ್ರಧಾನಿ ಕಚೇರಿಯ ಕಡತಗಳೇ ಫೋಟೊಕಾಪಿಯಾಗಿ ವಿದೇಶಿಯರಿಗೆ ಹೋಗುತ್ತಿದ್ದುದು ಬಯಲಾಗಿ ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಟ್ಟರು. ಆ ಪ್ರಕರಣದ ತೀರ್ಪು ಬರಲು 2002ರವರೆಗೆ ಕಾಯಬೇಕಾಯಿತು.

ಇನ್ನು ನಿಮ್ಮ ಪತ್ರಕರ್ತ ಸ್ನೇಹಿತರ ಮಾತು. ಆರ್‌ಟಿಐ ಬಂದ ಮೇಲೆ ರಹಸ್ಯ ಕಾಯ್ದೆ ಸತ್ತಿದೆ ಎಂಬುದನ್ನು ನಾನು ವಕೀಲರ ಬಾಯಿಂದಲೂ ಕೇಳಿದ್ದೇನೆ. 2005ರ ಮಾಹಿತಿ ಹಕ್ಕು ಕಾಯ್ದೆಯ 22ನೇ ಸೆಕ್ಷನ್, ತನಗೂ ರಹಸ್ಯ ಕಾಯ್ದೆಗೂ ಹೊಂದಾಣಿಕೆ ಇಲ್ಲದ ಕಡೆ ತನ್ನ ಮಾತೇ ನಡೆಯತಕ್ಕದ್ದು ಎನ್ನುತ್ತದೆ, ನಿಜ. 8ನೇ ಸೆಕ್ಷನ್ನಿನ ಎರಡನೇ ಉಪಕಲಂ, ರಹಸ್ಯ ಕಾಯ್ದೆ ಏನೇ ಹೇಳಲಿ, ಬಹಿರಂಗದಿಂದಾಗುವ ಸಾರ್ವಜನಿಕ ಹಿತ ಹಾನಿಗಿಂತ ದೊಡ್ಡದಾದರೆ ಮಾಹಿತಿ ಕೊಡಬಹುದು ಎನ್ನುತ್ತದೆ, ಅದೂ ನಿಜ. ಆದರೆ ‘ಕೊಡಬಹುದು’ ಎಂದು ಹೇಳಿದ್ದು ಯಾರಿಗೆ? ಸರ್ಕಾರಿ ಪ್ರಾಧಿಕಾರಕ್ಕೆ. ಅರ್ಜಿ ಹಾಕಿ, ಇಲ್ಲವೆಂದರೆ ಮೇಲ್ಮನವಿ ಹಾಕಿ, ಮಾಹಿತಿ ಆಯೋಗದ ಮೆಟ್ಟಿಲು ಹತ್ತಿ ಮುಂಬಾಗಿಲಿನಿಂದ ತರುವ ದಾರಿ ಅದು. ಟ್ರಂಕಿನಲ್ಲಿ ಸಿಕ್ಕಿದ್ದನ್ನು ಹಂಚಲು ನಿಮಗೆ ಕೊಟ್ಟ ಪರವಾನಗಿ ಅಲ್ಲ. 5ನೇ ಸೆಕ್ಷನ್ ಕೊಟ್ಟವರಿಗೂ, ಹೀಗೆ ಬಂದದ್ದೆಂದು ಗೊತ್ತಿದ್ದೂ ಇಷ್ಟಪಟ್ಟು ತೆಗೆದುಕೊಂಡವರಿಗೂ ಒಂದೇ ಶಿಕ್ಷೆ ಇಟ್ಟಿದೆ. ‘ಸಾರ್ವಜನಿಕ ಹಿತಕ್ಕಾಗಿ ಮಾಡಿದೆ’ ಎಂಬ ರಕ್ಷಣೆ ಆ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಹಾಗೆಂದು ಪತ್ರಿಕೆಗಳು ಕೈಕಟ್ಟಿ ಕೂತಿಲ್ಲ, ನ್ಯಾಯಾಲಯಗಳೂ ಪ್ರತಿ ಬಾರಿ ಸರ್ಕಾರದ ಪರ ನಿಂತಿಲ್ಲ. ಸಂಪುಟ ಟಿಪ್ಪಣಿಯೊಂದರ ಸಾರವನ್ನು ಪತ್ರಿಕೆಯಲ್ಲಿ ಬರೆದದ್ದಕ್ಕೆ ಪತ್ರಕರ್ತ ಶಂತನು ಸೈಕಿಯಾ ಅವರ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ 2009ರಲ್ಲಿ, ಬರೀ ‘ಸೀಕ್ರೆಟ್’ ಎಂಬ ಪಟ್ಟಿ ಅಂಟಿಸಿದ್ದರಿಂದ ಅಪರಾಧವಾಗದು ಎಂದು ಅವರನ್ನು ಬಿಟ್ಟಿತು. ರಫೇಲ್ ಯುದ್ಧವಿಮಾನ ಖರೀದಿಯ ಕಡತದ ಹಾಳೆಗಳನ್ನು ದಿ ಹಿಂದೂ ಪತ್ರಿಕೆ ಪ್ರಕಟಿಸಿ, ಅವೇ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಕೇಂದ್ರ ಸರ್ಕಾರ ಇದೇ ಕಾಯ್ದೆಯನ್ನು ಅಡ್ಡ ಹಿಡಿಯಿತು. 2019ರ ಏಪ್ರಿಲ್ 10ರಂದು ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ರಹಸ್ಯವೆಂದು ಗುರುತಿಸಿದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನೋ, ಅದನ್ನು ಕೋರ್ಟಿನ ಮುಂದಿಡದಂತೆ ತಡೆಯುವ ಅಧಿಕಾರವನ್ನೋ ಈ ಕಾಯ್ದೆ ಸರ್ಕಾರಕ್ಕೆ ಕೊಟ್ಟಿಲ್ಲ ಎಂಬುದು ತೀರ್ಪಿನ ತಿರುಳು. ಅಚ್ಚಾಗುವುದನ್ನು ಮೊದಲೇ ತಡೆಯಲಾಗದು ಎಂಬುದಕ್ಕೂ, ಅಚ್ಚು ಹಾಕಿದ ಮೇಲೆ ಮೊಕದ್ದಮೆ ಬರುವುದಿಲ್ಲ ಎಂಬುದಕ್ಕೂ ಅಂತರವಿದೆ. ದೊಡ್ಡ ಪತ್ರಿಕೆಗೆ ದೊಡ್ಡ ವಕೀಲರಿರುತ್ತಾರೆ. ನಿಮ್ಮ ಸ್ನೇಹಿತರ ಪರ ಯಾರು ನಿಲ್ಲುತ್ತಾರೆ ಎಂದು ಅವರನ್ನೇ ಕೇಳಿ.

ಕಳಪೆ ಮಾಲಿನ ವಿಷಯ ನಿಮ್ಮ ಮನಸ್ಸು ಕೊರೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣವೇ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆ 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ರಹಸ್ಯ ಕಾಯ್ದೆ ಇದ್ದರೂ ಸಕ್ಷಮ ಪ್ರಾಧಿಕಾರಕ್ಕೆ ತಿಳಿಸಬಹುದು ಎಂದು ಅದರಲ್ಲಿ ಬರೆದಿದ್ದಾರೆ. ಆದರೆ ಜಾರಿಯ ಅಧಿಸೂಚನೆಯನ್ನೇ ಹೊರಡಿಸಲಿಲ್ಲ. ಹಾಗಾಗಿ ಆ ಕೊಡೆ ಬಿಚ್ಚದ ಕೊಡೆ. ನೀವು ಮಾಡಬಹುದಾದ್ದು ಇಷ್ಟು: ಕಡತ ಮರಳಿಸುವಾಗ, ಇದರಲ್ಲಿ ಪೂರೈಕೆಯ ಅಕ್ರಮದ ಬಗ್ಗೆ ಪತ್ರಗಳಿವೆ ಎಂಬ ಮಾತನ್ನು ಸೇರಿಸಿ, ಮರಳಿಸಿದ ಪತ್ರದ ಪ್ರತಿಯನ್ನು ಕೇಂದ್ರ ಜಾಗೃತ ಆಯೋಗಕ್ಕೂ ಕಳಿಸಿ. ಪತ್ರದ ಪ್ರತಿ ಎಂದೆ, ಕಡತದ ಪ್ರತಿಯಲ್ಲ. ಮೂವತ್ತು ವರ್ಷ ಹಳೆಯ ವ್ಯವಹಾರ, ಏನಾದರೂ ಆದೀತೆಂದು ನಾನು ಆಸೆ ಹುಟ್ಟಿಸುವುದಿಲ್ಲ.

ಈ ಕಾಯ್ದೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿಲ್ಲ, ಆದರೂ ಹೇಳುತ್ತೇನೆ. ಇದು ಪ್ರಜೆಗಳನ್ನು ನಂಬದ ಆಳರಸರು ಹೊಲಿದ ಅಂಗಿ. ಮೊದಲ ರೂಪ ಬಂದದ್ದು 1889ರಲ್ಲಿ. ಕರ್ಜನ್ ಕಾಲದಲ್ಲಿ, 1904ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು, ಗೋಪಾಲಕೃಷ್ಣ ಗೋಖಲೆ ಶಾಸನ ಸಭೆಯಲ್ಲಿ ಅದನ್ನು ವಿರೋಧಿಸಿದ್ದರು. ಅಂಗಿ ಹೊಲಿದುಕೊಟ್ಟ ಬ್ರಿಟನ್ನೇ ತನ್ನ 1911ರ ಕಾಯ್ದೆಯ ಸರ್ವಗ್ರಾಹಿ 2ನೇ ಸೆಕ್ಷನ್ನನ್ನು 1989ರಲ್ಲಿ ಕಿತ್ತೆಸೆಯಿತು, ಉಳಿದದ್ದನ್ನೂ 2023ರಲ್ಲಿ ಬದಲಿಸಿತು. ನಮ್ಮಲ್ಲಿ ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲಿ, ಇದನ್ನು ರದ್ದು ಮಾಡಿ ನಿಜವಾಗಿ ಕಾಪಾಡಬೇಕಾದ್ದಕ್ಕೆ ಮಾತ್ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಒಂದು ಅಧ್ಯಾಯ ಸೇರಿಸಿ ಎಂದಿತು. ವರದಿ ಕಪಾಟು ಸೇರಿತು. 1962ರ ಯುದ್ಧದ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನೂ ಸರ್ಕಾರ ಬಿಡುಗಡೆ ಮಾಡಿಲ್ಲ. ಅದರ ಭಾಗವೊಂದನ್ನು 2014ರಲ್ಲಿ ವಿದೇಶಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಇಂಟರ್ನೆಟ್‌ಗೆ ಹಾಕಿದ್ದರಿಂದ ಓದಬೇಕೆಂದವರು ಓದಿ ಆಯಿತು, ಕಾಗದದ ಮೇಲೆ ಮಾತ್ರ ಅದು ಈಗಲೂ ಗುಟ್ಟು. ಕ್ಷಿಪಣಿಯ ನಕಾಶೆಗೆ ಬೀಗ ಬೇಕು, ತಕರಾರಿಲ್ಲ. ಕೂಪನ್ನಿನ ಸುತ್ತೋಲೆಗೂ ಅದೇ ಬೀಗ ಹಾಕಿದರೆ ಕಾವಲುಗಾರನಿಗೇ ಯಾವುದನ್ನು ಕಾಯಬೇಕೆಂದು ಮರೆತುಹೋಗುತ್ತದೆ.

ಸರಿ, ನಿಮ್ಮ ಕೆಲಸಕ್ಕೆ ಬರೋಣ. ಹಾಳೆಗಳನ್ನು ಮಡಿಸದೆ ಸುತ್ತಿ, ಕಡತದೊಂದಿಗೆ ಬಟ್ಟೆ ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿ. ಪತ್ರದಲ್ಲಿ ತಂದೆಯ ಹೆಸರು, ಹುದ್ದೆ, ನಿವೃತ್ತಿ ವರ್ಷ, ತೀರಿಕೊಂಡ ದಿನಾಂಕ, ಕಾಗದ ಯಾವ ದಿನ ಎಲ್ಲಿ ಸಿಕ್ಕಿತು, ಒಟ್ಟು ಎಷ್ಟು ಹಾಳೆ, ಮೂಲೆಯಲ್ಲಿರುವ ಡ್ರಾಯಿಂಗ್ ನಂಬರುಗಳು, ಇಷ್ಟೇ ಬರೆಯಿರಿ. ನಕಾಶೆಯಲ್ಲಿ ಏನಿದೆ ಎಂದು ವರ್ಣಿಸಬೇಡಿ. ಮರಣ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ. ಕಾರ್ಖಾನೆಯ ಮುಖ್ಯಸ್ಥರ ಹೆಸರಿಗೆ ಬರೆದು ಭದ್ರತಾ ಅಧಿಕಾರಿಯ ಕೈಗೇ ಕೊಡಿ, ಅಂಚೆಗೆ ಹಾಕಬೇಡಿ. ನಿಮ್ಮ ಪ್ರತಿಯ ಮೇಲೆ ಸಹಿ, ದಿನಾಂಕ, ಕಚೇರಿ ಮೊಹರು ಬೀಳದೆ ಗೇಟಿನಿಂದ ಕದಲಬೇಡಿ. ಗೇಟಿನವರು ‘ಇದೆಲ್ಲ ಯಾವ ಕಾಲದ್ದು, ಮನೇಲೇ ಹರಿದು ಹಾಕಿ’ ಎಂದು ಕಳಿಸುವ ಸಾಧ್ಯತೆ ಉಂಟು, ಬಾಯಿಮಾತಿಗೆ ಮಣಿಯಬೇಡಿ, ಬರೆದು ಕೊಡಲು ಹೇಳಿ. ಹಳೆಯ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ 2021ರ ಅಕ್ಟೋಬರ್ 1ರಿಂದ ಏಳು ಕಂಪನಿಗಳಾಗಿ ಒಡೆದಿದೆ. ನಿಮ್ಮ ತಂದೆಯ ಕಾರ್ಖಾನೆ ಅದರಲ್ಲೊಂದಾಗಿದ್ದರೆ ಈಗಿನ ಹೆಸರು ನೋಡಿಕೊಂಡು ಬರೆಯಿರಿ. ಕಾರ್ಖಾನೆಯೇ ಮುಚ್ಚಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಕಚೇರಿಗೆ ಇದೇ ಕ್ರಮದಲ್ಲಿ ಕೊಡಿ, ಒಂದು ಪ್ರತಿ ರಕ್ಷಣಾ ಉತ್ಪಾದನಾ ಇಲಾಖೆಗೆ ಹೋಗಲಿ.

ತಂದೆಯ ಕೈಬರಹದ ಡೈರಿಗಳಿದ್ದರೆ ಒಮ್ಮೆ ತಿರುವಿ ನೋಡಿ. ಕೆಲಸದ ಅಳತೆ, ಲೆಕ್ಕಾಚಾರ ಬರೆದಿಟ್ಟದ್ದು ಇದ್ದರೆ ಅದೂ ಲಕೋಟೆಗೆ. ಹಾಲಿನ ಲೆಕ್ಕ, ಎಲ್‌ಐಸಿ ಕಂತು, ನಿಮ್ಮ ಶಾಲೆಯ ಫೀಸು ಬರೆದದ್ದು ನಿಮಗೇ ಇರಲಿ. ಸೆಟ್‌ಸ್ಕ್ವೇರು, ಕಂಪಾಸು, ಟ್ರಂಕು ಇವಕ್ಕೂ ಕಾಯ್ದೆಗೂ ಸಂಬಂಧವಿಲ್ಲ. ಸ್ವೀಕೃತಿ ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಅದೇ ಟ್ರಂಕಿನಲ್ಲಿಡಿ, ನಿಮ್ಮ ಮಕ್ಕಳಿಗೆ ಅಟ್ಟ ಖಾಲಿ ಮಾಡುವ ದಿನ ಸಿಗಲಿ.